ಬೇವಿನ ತೊಲೆಯ ಗದ್ದುಗೆ

ಹೊಳೆಯಜ್ಜನವರೆಂದೇ ಭಕ್ತರ ಬಾಯಲ್ಲಿ ನೆಲೆಸಿರುವ ಶ್ರೀ ಪರ್ವತಯ್ಯ ಮಹಾಸ್ವಾಮಿಗಳು ಆ ವರ್ಷ ಒಂದು ತಗಡಿನ ಚಪ್ಪರದ ಕೆಳಗೆ, ಗೋಣಿತಟ್ಟಿನ ಮೇಲೆ ಕುಳಿತಿದ್ದರು. ಹೊಳೆಗೆ ಅಣೆಕಟ್ಟು ಎದ್ದು, ಹಿನ್ನೀರು ಏರುತ್ತ ಬಂದು, ಮುತ್ತಲಹಾಳ ಮುಳುಗುವುದು ಖಾತ್ರಿಯಾದಾಗ ಊರಿನ ಜನ ತಮ್ಮ ಮನೆಗಳನ್ನು ತಮ್ಮ ಕೈಯಾರೆ ಕೆಡವಿಕೊಂಡು ಮೇಲಿನ ಬೋಳುಗುಡ್ಡಕ್ಕೆ ಬಂದಿದ್ದರು. ಮಠವೂ ಬಂತು. ಮಠ ಬಂತೆಂದರೆ ಏನು ಬಂತು? ಅಜ್ಜನವರು, ಅವರ ಕೈಯ ಬೆತ್ತ, ಒಂದು ಕಂಚಿನ ಗಂಟೆ, ದಾಸೋಹದ ಹಂಡೆ. ಕಲ್ಲಿನ ಗದ್ದುಗೆಯನ್ನು ಕೀಳಲು ಹಿರಿಯರು ಹಾರೆ ಹಿಡಿದು ನಿಂತಾಗ ಅಜ್ಜನವರು, "ಬ್ಯಾಡ್ರಿ, ಅದು ಹೊಳೀದು, ಹೊಳಿಗೇ ಇರಲಿ" ಎಂದುಬಿಟ್ಟಿದ್ದರು. ಗದ್ದುಗೆ ನೀರುಪಾಲಾಯಿತು, ಅಜ್ಜನವರು ಗೋಣಿತಟ್ಟಿನ ಪಾಲಾದರು.

ಹೊಸ ಊರಿನಲ್ಲಿ ಮನೆಗಳು ಸಣ್ಣವು, ಹೊತ್ತು ತಂದ ಕಂಬ, ತೊಲೆ, ಬಾಗಿಲುಗಳು ದೊಡ್ಡವು. ಅಜ್ಜ ಮುತ್ತಜ್ಜರ ಕಾಲದ ಕಟ್ಟಿಗೆಯನ್ನು ಒಲೆಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಹೀಗಾಗಿ ಗಂಡಸರಾದವರೆಲ್ಲ ಇದ್ದಕ್ಕಿದ್ದಂತೆ ಬಡಿಗರಾಗಿಬಿಟ್ಟರು. ಪಡಸಾಲೆಯ ಬಾಗಿಲು ಮಂಚವಾಯಿತು, ಕಂಬ ಸೀಳಿ ಬೆಂಚಾಯಿತು, ಜಂತಿಗಳು ಪಾತ್ರೆ ಇಡುವ ಹಲಗೆಗಳಾದವು. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ. ಅಜ್ಜನವರೂ ಹಿಂದೆ ಬೀಳಲಿಲ್ಲ. ಮಂಡಿ ನೋಯುವ ಮುದುಕಿಯರಿಗೆಂದು ತಾವೇ ಗರಗಸ ಹಿಡಿದು ಮಣೆ ಮಾಡಿಕೊಟ್ಟರು. ಆ ಮಣೆಗಳು ಇಂದಿಗೂ ಕೆಲವು ಮನೆಗಳ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿವೆ. ಅವುಗಳ ಮೇಲೆ ಕೂರುವ ಧೈರ್ಯವನ್ನು ಮಾತ್ರ ಯಾರೂ ಮಾಡುವುದಿಲ್ಲ, ಕೂತವರನ್ನು ಅವು ಪಕ್ಕಕ್ಕೆ ಉರುಳಿಸುತ್ತವೆ. ಗುರುಗಳ ಕೈಗೆಲಸವನ್ನು ಹೀಗೆ ಆಡಿಕೊಂಡರೆ ಪಾಪ ಬರಲಾರದು. ಅದನ್ನು ಕಂಡು ಮೊದಲು ನಕ್ಕವರು ಅವರೇ.

ಹಳೆಯ ಮರದ ಗುಣವೇ ಬಿರುಕು. ತಲೆಮಾರುಗಟ್ಟಲೆ ಹೊಗೆ ಕುಡಿದು, ನೆರಳಲ್ಲಿ ಭಾರ ಹೊತ್ತು ನಿಂತದ್ದನ್ನು ಒಮ್ಮೆಲೇ ಕೆಳಗಿಳಿಸಿ ಬಿಸಿಲಿಗೆ ಒಗೆದರೆ ಅದು ಸೀಳದೆ ಏನು ಮಾಡೀತು? ಮೊಳೆ ಕಿತ್ತ ತೂತು, ಹುಳು ಕೊರೆದ ಗೂಡು, ಉದ್ದಕ್ಕೂ ಬಿಟ್ಟ ಬಾಯಿ. ಇವನ್ನೆಲ್ಲ ಸರಿಮಾಡಲು ಊರಿಗೆ ಇದ್ದವನು ಒಬ್ಬನೇ, ಮಾನಪ್ಪ ಬಡಿಗೇರ. ಯಾವ ಮರದ ಬಿರುಕೋ ಅದೇ ಮರದ ಹೊಟ್ಟು ಅವನಿಗೆ ಬೇಕು. ಅದನ್ನು ಹಳೆಯ ಧೋತರದಲ್ಲಿ ಸೋಸಿ, ಬಿಸಿ ಅಂಟಿನಲ್ಲಿ ಕಲಸಿ, ಬಿರುಕಿನೊಳಗೆ ತೆಳ್ಳಗೆ ಒತ್ತಿ, ಒಣಗಿದ ಮೇಲೆ ಮತ್ತೊಮ್ಮೆ ಒತ್ತುವನು. ಆಮೇಲೆ ಕೀಸಿ, ಉಜ್ಜಿ, ಕಾಚಿನ ನೀರು ಸವರಿ ಬಣ್ಣ ಕೂಡಿಸಿ, ಎಣ್ಣೆ ಒರೆಸಿದನೆಂದರೆ ಅಲ್ಲಿ ಬಿರುಕಿತ್ತೆಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. "ಮಾನಪ್ಪ ಮುಚ್ಚಿದ ಬಿರುಕು ಮಾನಪ್ಪಗೂ ಸಿಗಂಗಿಲ್ಲ" ಎಂದು ಜನ ತಮಾಷೆ ಮಾಡುತ್ತಿದ್ದರು. ಬಡಿಗನಾದವನಿಗೆ ಅದಕ್ಕಿಂತ ದೊಡ್ಡ ಬಿರುದು ಬೇರೆ ಬೇಕಾಗಿರಲಿಲ್ಲ.

ಆದರೆ ಅವನ ಮನೆಯ ಮುಂದೆಯೇ ಒಂದು ಬಿರುಕು ಬಿಟ್ಟ ತೊಲೆ ಬಿದ್ದಿತ್ತು. ಅದರ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಅದು ಅವನ ಹಳೆಯ ಮನೆಯ ನಡುಮನೆಯ ಬೇವಿನ ತೊಲೆ. ಮನೆ ಕೆಡಹುವ ಕಾಲಕ್ಕೆ ಮಾನಪ್ಪ ಮತ್ತು ಅವನ ಒಬ್ಬನೇ ಮಗ ದೇವೇಂದ್ರ, ಇಬ್ಬರೇ ಅದನ್ನು ಇಳಿಸುತ್ತಿದ್ದರು. ಮಗ ಪ್ರಾಯದವನು, ಮುಂದಿನ ಬೇಸಿಗೆಗೆ ಮದುವೆ ಎಂದು ಮಾತು ನಡೆದಿತ್ತು. ತಾಯಿ ಅಂಬವ್ವ ಮೊದಲ ಗಾಡಿಯ ಸಾಮಾನಿನ ಜೊತೆ ಗುಡ್ಡದ ಮೇಲೆ ಹೋಗಿ ಅಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು. ಅವಳನ್ನು ಕರೆತರುವ ಹೊತ್ತಿಗೆ ಮಗನನ್ನು ಅಂಗಳದಲ್ಲಿ ಮಲಗಿಸಿ ಮೇಲೆ ದಟ್ಟಿ ಹೊದಿಸಿದ್ದರು. ತೊಲೆ ಅವನ ಎದೆಯ ಮೇಲೆ ಬಂದಿತ್ತು.

"ಹೆಂಗಾತು?" ಎಂದು ಅಂಬವ್ವ ಕೇಳಿದಳು. "ತೊಲಿ ಜಾರಿತು" ಎಂದ ಮಾನಪ್ಪ. ಮಣ್ಣು ಮಾಡಿ ಬಂದ ಮೇಲೂ ಕೇಳಿದಳು. "ಜಾರಿತು." ತಿಥಿ ಕಳೆದ ಮೇಲೂ ಕೇಳಿದಳು. "ಜಾರಿತು ಅಂತ ಹೇಳಿಲ್ಲೇನು?" ಎಂದು ಸಿಡುಕಿ ಎದ್ದುಹೋದ. ಅದಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು, ಗಂಡನ ಜೊತೆ ಮಾತನ್ನೂ ಬಿಟ್ಟಳು. ರೊಟ್ಟಿ ಬಡಿದು ಮುಂದಿಡುವಳು, ನೀರು ತುಂಬಿಡುವಳು, ಬಾಯಿ ಮಾತ್ರ ತೆರೆಯಳು. ಮಾನಪ್ಪನಿಗೂ ಅದೇ ಬೇಕಾಗಿತ್ತು. ಮಗನ ಹೆಸರು ನಾಲಗೆಯ ಮೇಲೆ ಬಂದರೆ ಅದರ ಹಿಂದೆ ಇನ್ನೇನು ಬರುತ್ತದೆಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ನೀರು ಏರಿತು. ಮನೆ ಹೋಯಿತು, ಹೊಲ ಹೋಯಿತು, ದೇವೇಂದ್ರನನ್ನು ಮಣ್ಣು ಮಾಡಿದ ಜಾಗವೂ ಹೋಯಿತು. ಹೆತ್ತವಳಿಗೆ ಒಂದು ಹೂವಿಟ್ಟು ಬರಲೂ ನೆಲವಿಲ್ಲದಂತಾಯಿತು. ಉಳಿದದ್ದೆಂದರೆ ನೆಂಟರು ತಿಳಿಯದೆ ಬೇರೆ ಕಟ್ಟಿಗೆಯ ಜೊತೆ ಗಾಡಿಗೆ ಹೇರಿ ತಂದ ಆ ತೊಲೆ. ಅಂಬವ್ವ ದಿನವೂ ಕೆಲಸ ಮುಗಿಸಿ ಅದರ ಮೇಲೆ ಹೋಗಿ ಕೂರುವಳು. ಬಿದ್ದಾಗ ಒರಳುಕಲ್ಲಿಗೆ ಬಡಿದು ಸೀಳಿದ ಉದ್ದನೆಯ ಬಿರುಕೊಂದು ಅದರಲ್ಲಿತ್ತು. ಅದರೊಳಗೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿರುವಳು.

ಮಾನಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಜೀವ ತೆಗೆದುಕೊಂಡ ಕಟ್ಟಿಗೆ ಮನೆಯ ಮುಂದೆ ಇರಬಾರದೆಂದು ನೆರೆಯವರೂ ಗೊಣಗುತ್ತಿದ್ದರು. ಒಂದು ದಿನ ಕೊಡಲಿ ಎತ್ತಿಕೊಂಡು ಹೋದ. ಅಂಬವ್ವ ಎದ್ದು ಬಂದು ತೊಲೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಕೊಡಲಿ ಕೆಳಗಿಟ್ಟು ಅವನು ಮಠದ ಹಾದಿ ಹಿಡಿದ. ಮಗ ಹೋದಂದಿನಿಂದ ಆ ಕಡೆ ಮುಖ ಹಾಕಿರಲಿಲ್ಲ. ನಂಬಿದವರ ಮನೆಯಲ್ಲಿ ಹೀಗೆ ಮಾಡುವ ದೇವರು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಬಾಯಿಬಿಟ್ಟೇ ಆಡಿದ್ದ. ಈಗಲೂ ಅವನು ಹೋದದ್ದು ಭಕ್ತಿಯಿಂದಲ್ಲ. ಮಠಕ್ಕೆ ಕೊಟ್ಟೆನೆಂದರೆ ಹೆಂಡತಿ ಅಡ್ಡ ಬರಲಾರಳು ಎಂಬ ಲೆಕ್ಕಾಚಾರದಿಂದ.

ಅಜ್ಜನವರು ಆಗ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಮಾನಪ್ಪ ಕೈ ಮುಗಿಯದೆ ನಿಂತ.

"ಒಂದು ತೊಲಿ ಐತ್ರಿ ಅಜ್ಜಾರ. ದಾಸೋಹದ ಒಲಿಗೆ ತಗೋರಿ."

ಅಜ್ಜನವರು ತಲೆ ಎತ್ತಿ ಅವನನ್ನು ನೋಡಿದರು. ಯಾವ ತೊಲೆಯೆಂದು ಕೇಳಲಿಲ್ಲ.

"ಒಲಿಗೆ ಬ್ಯಾಡ. ನನಗ ಒಂದು ಗದ್ದುಗಿ ಮಾಡಿಕೊಡು. ಬಿರುಕು ಐತಲ್ಲ, ಅದನ್ನ ತುಂಬು."

ಮಠದಲ್ಲಿದ್ದ ಹಿರಿಯರಿಗೆ ಸಿಡಿಲು ಬಡಿದಂತಾಯಿತು. ಹೊಸ ಗದ್ದುಗೆಗೆ ಪೇಟೆಯಿಂದ ಸಾಗುವಾನಿ ತರಿಸುವುದಾಗಿ ಅವರೆಲ್ಲ ಎಂದಿನಿಂದಲೋ ಹೇಳುತ್ತಿದ್ದರು, ಅಜ್ಜನವರು ಹೂಂ ಎಂದಿರಲಿಲ್ಲ. ಊರ ಹಿರಿಯರಾದ ಶಿವಪುತ್ರಗೌಡರು ಮುಂದೆ ಬಂದು ಕೈಮುಗಿದರು.

"ಅಜ್ಜಾರ, ಸಾವು ಮುಟ್ಟಿದ ಕಟಗಿರಿ ಅದು. ಅದರ ಗದ್ದುಗಿಗೆ ನಾವು ಹೆಂಗ ಹಣಿ ಹಚ್ಚೂದು?"

"ಗೌಡ್ರ," ಎಂದರು ಅಜ್ಜನವರು ಮೆತ್ತಗೆ, "ಹೆಣ ಹೊತ್ತ ಹೆಗಲಿಗೆ ನೀವು ಮೊಮ್ಮಗನ್ನ ಕುಂದರಸಂಗಿಲ್ಲೇನು?"

ಗೌಡರು ಹಿಂದೆ ಸರಿದು ದಾರಿ ಬಿಟ್ಟರು. ಅಜ್ಜನವರು ಎದ್ದು, ಬೆತ್ತ ಊರುತ್ತ ಮಾನಪ್ಪನ ಜೊತೆ ಅವನ ಮನೆಗೇ ನಡೆದರು. ಅಂಬವ್ವ ತೊಲೆಯ ಮೇಲೆ ಕೂತಿದ್ದಳು. ಗುರುಗಳನ್ನು ಕಂಡು ಸೆರಗು ಹೊದ್ದಳೇ ಹೊರತು ಏಳಲಿಲ್ಲ. ಎದ್ದರೆ ಒಯ್ದುಬಿಡುತ್ತಾರೆಂಬ ಹೆದರಿಕೆ. ಅಜ್ಜನವರು ಅವಳ ಎದುರಿಗೆ ಬರಿ ನೆಲದ ಮೇಲೆ ಕೂತರು.

"ತಾಯಿ, ನೀ ಒಬ್ಬಾಕೀನ ಎಷ್ಟು ದಿನಾ ಅಂತ ಇದರ ಮ್ಯಾಲ ಕುಂದರ್ತಿ? ಇನ್ನು ನಾನೂ ಕುಂದರ್ತೀನಿ."

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಪಕ್ಕಕ್ಕೆ ಸರಿದು ನಿಂತಳು. ಗಾಡಿಗೆ ಹೇರುವಾಗ ಅಜ್ಜನವರು ಬೇಡವೆಂದರೂ ಕೇಳದೆ ತೊಲೆಯ ಒಂದು ತುದಿಗೆ ಕೈ ಹಚ್ಚಿದರು. ಎಂಬತ್ತರ ಹತ್ತಿರದ ಆ ಕೈ ಎಷ್ಟು ಭಾರ ಎತ್ತೀತು! ಆದರೂ ಮಾನಪ್ಪ ಅವರ ಬೆರಳುಗಳನ್ನು ನೋಡಿ ಗಾಬರಿಯಾಗಿ, "ಬಿಡ್ರಿ ಅಜ್ಜಾರ, ಬಿಡ್ರಿ" ಎಂದು ಕೂಗಿದ. ಅಷ್ಟು ಜೋರಾಗಿ ಯಾಕೆ ಕೂಗಿದನೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ.

ಮಠದ ಅಂಗಳದಲ್ಲಿ ಕೆಲಸ ಶುರುವಾಯಿತು. ಮಾನಪ್ಪ ತೊಲೆಯನ್ನು ತುಂಡರಿಸಿ, ಕೊಯ್ದು, ನಾಲ್ಕು ಗಿಡ್ಡ ಕಾಲು ಮತ್ತು ಅಗಲವಾದ ಹಲಗೆಗಳನ್ನು ತೆಗೆದ. ಬಿರುಕಿದ್ದ ಭಾಗವನ್ನು ಬಿಟ್ಟುಬಿಡೋಣವೆಂದರೆ ಅದೇ ಅಗಲವಾದ ಹಲಗೆ. ಅದಿಲ್ಲದೆ ಗದ್ದುಗೆಗೆ ಅಳತೆ ಸಾಲದು. ಸರಿ, ಮುಚ್ಚಿಬಿಡುತ್ತೇನೆ ಎಂದುಕೊಂಡ. ಅಜ್ಜನವರು ತುಂಬು ಎಂದಿದ್ದರು, ಅವನ ಕಿವಿಗೆ ಅದು ಮುಚ್ಚು ಎಂದೇ ಬಿದ್ದಿತ್ತು. ಅವನ ಕಸುಬಿನಲ್ಲಿ ಎರಡಕ್ಕೂ ಫರಕೇ ಇರಲಿಲ್ಲ.

ಅಷ್ಟು ಮನಸ್ಸಿಟ್ಟು ಅವನು ಹಿಂದೆಂದೂ ಒಂದು ಬಿರುಕನ್ನು ಮುಚ್ಚಿರಲಿಲ್ಲ. ಹೊಟ್ಟನ್ನು ಹಿಟ್ಟಿಗಿಂತ ನುಣ್ಣಗೆ ಸೋಸಿದ. ಒತ್ತಿದ, ಒಣಗಿಸಿದ, ಮತ್ತೆ ಒತ್ತಿದ. ಮರದ ಗೆರೆ ಎಲ್ಲಿ ಕಡಿದುಹೋಗಿತ್ತೋ ಅಲ್ಲಿ ಮಸಿಯಲ್ಲಿ ಅದ್ದಿದ ದಾರದಿಂದ ಗೆರೆಯನ್ನೂ ಎಳೆದು ಕೂಡಿಸಿದ. ಎಣ್ಣೆ ಒರೆಸಿ ಎದ್ದು ನಿಂತಾಗ ಹಲಗೆ ಆಗತಾನೇ ಕಡಿದು ತಂದ ಮರದಂತೆ ಇತ್ತು. ಜನ ಬಗ್ಗಿ ಬಗ್ಗಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು, ಶಹಬ್ಬಾಸ್ ಎಂದರು. ಶಿವಪುತ್ರಗೌಡರ ಮುಖವೂ ಅರಳಿತು. ಸಾವಿನ ಗುರುತು ಹೋಯಿತಲ್ಲ ಎಂದು ಅವರಿಗೆ ಸಮಾಧಾನ. ಮಾನಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಅದು ತೊಲೆಯಲ್ಲ, ಗದ್ದುಗೆ.

ತೊಲೆ ಮಠಕ್ಕೆ ಬಂದಂದಿನಿಂದ ಅಂಬವ್ವನೂ ದಿನವೂ ಬಂದು ಚಪ್ಪರದ ಕಂಬದ ಬದಿಗೆ ಕೂರುತ್ತಿದ್ದಳು. ಜನ ಸ್ವಲ್ಪ ಚದುರಿದ ಮೇಲೆ ಎದ್ದು ಹತ್ತಿರ ಬಂದಳು. ಹಲಗೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು. ಆ ತುದಿಯಿಂದ ಈ ತುದಿಗೆ ಎಳೆದಳು. ಬಗ್ಗಿ ಅಡಿಯಲ್ಲಿ ತಡವಿದಳು. ಸಿಗಲಿಲ್ಲ. ಹೊಳೆ ನುಂಗಿದ ಮಣ್ಣಿನಂತೆ ಇದೂ ಹೋಯಿತು. ಅವಳು ತಲೆ ಎತ್ತಿ ಎಷ್ಟೋ ದಿನಗಳ ಮೇಲೆ ಗಂಡನ ಮುಖವನ್ನು ನೇರವಾಗಿ ನೋಡಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಸೆರಗಿನಿಂದ ಬಾಯಿ ಒತ್ತಿಹಿಡಿದು ಹೊರಟುಹೋದಳು.

ಇದೆಲ್ಲವನ್ನೂ ಅಜ್ಜನವರು ಗೋಣಿತಟ್ಟಿನ ಮೇಲೆ ಕೂತಲ್ಲಿಂದಲೇ ನೋಡುತ್ತಿದ್ದರು. ಈಗ ಎದ್ದು ಬಂದು ಹಲಗೆಯ ಮೇಲೆ ಅಂಗೈ ಇಟ್ಟರು.

"ಬಿರುಕು ಎಲ್ಲೋ ಮಾನಪ್ಪ?"

"ಕಾಣಂಗಿಲ್ರಿ ಅಜ್ಜಾರ." ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ದೇವೇಂದ್ರ ಎಲ್ಲಿ?"

ಆ ಹೆಸರನ್ನು ಅವನೆದುರು ಯಾರೂ ಎತ್ತುತ್ತಿರಲಿಲ್ಲ. ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮಾನಪ್ಪ ಎಣ್ಣೆ ಒರೆಸಿದ ಬಟ್ಟೆಯನ್ನು ಮಡಚತೊಡಗಿದ.

"ನಾ ತುಂಬು ಅಂದಿದ್ದೆ," ಎಂದರು ಅಜ್ಜನವರು. "ನೀ ಮುಚ್ಚಿದಿ."

ಇಷ್ಟೇ ನುಡಿದು ಹಿಂದಿರುಗಿ ತಮ್ಮ ಗೋಣಿತಟ್ಟಿನ ಮೇಲೆ ಕೂತರು. ಗದ್ದುಗೆ ಅಂಗಳದಲ್ಲೇ ಉಳಿಯಿತು.

ಮಾನಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಊರೇ ಹೊಗಳಿದ ಕೆಲಸವನ್ನು ಈ ಮುದುಕರು ಹೀಗೆ ತೆಗೆದುಹಾಕುವುದೇ? ತುಂಬುವುದಂತೆ, ಮುಚ್ಚುವುದಂತೆ! ಬಿರುಕಿನೊಳಗೆ ಹಾಕಿದ್ದು ಹೊಟ್ಟೇ ಅಲ್ಲವೇ, ತುಂಬಿದ್ದೇ ಅಲ್ಲವೇ? ಸನ್ಯಾಸಿಗಳಿಗೆ ಕಟ್ಟಿಗೆಯ ವಿಷಯ ಏನು ಗೊತ್ತು, ಆ ಮಣೆಗಳನ್ನು ನೋಡಿದರೆ ತಿಳಿಯುವುದಿಲ್ಲವೇ? ಹೀಗೆಲ್ಲ ಗೊಣಗುತ್ತ ಮನೆಗೆ ಹೋದ. ಅಂಬವ್ವ ಅಡುಗೆ ಮಾಡಿಟ್ಟಿದ್ದಳು. ತಾನು ಮಾತ್ರ ಊಟಕ್ಕೆ ಕೂರಲಿಲ್ಲ. ಮರುದಿನವೂ ಕೂರಲಿಲ್ಲ. ಹಿಟ್ಟು ನಾದುತ್ತಿದ್ದವಳು ನಡುವೆಯೇ ಗೋಡೆಗೆ ಒರಗಿದ್ದನ್ನು ಕಂಡಾಗ ಮಾನಪ್ಪನ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಮಗನನ್ನು ಕಳೆದುಕೊಂಡಾಯಿತು, ಇನ್ನು ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು.

ಆ ದಿನ ಪಕ್ಕದ ಮನೆಯಲ್ಲಿ ತವರಿಗೆ ಬಂದ ಬಸುರಿ ಮಗಳಿಗೆ ಕುಬುಸದ ಕಾರ್ಯ. ಹೆಂಗಸರೆಲ್ಲ ಅಂಗಳದಲ್ಲಿ ನೆರೆದಿದ್ದರು. ಮಾನಪ್ಪ ತನ್ನ ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಬರ್ರೆವ್ವಾ, ಉಡಿ ತುಂಬ್ರಿ" ಎಂದು ಯಾರೋ ಹಿರಿಯಳು ಕರೆದದ್ದು ಕಿವಿಗೆ ಬಿತ್ತು. ನೋಡಿದ. ಆ ಹುಡುಗಿ ಮಣೆಯ ಮೇಲೆ ಕೂತು, ಎರಡೂ ಕೈಯಿಂದ ಸೆರಗನ್ನು ಎಲ್ಲರೆದುರು ಬಿಚ್ಚಿ ಹಿಡಿದಿದ್ದಳು. ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿದರು, ಅರಿಶಿನಕೊಂಬು ಹಾಕಿದರು, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿದರು. ಎಲ್ಲವೂ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನಾಚಿಕೆಯಿಂದ ಅವಳು ಸೆರಗು ಮಡಚಲು ಹೋದರೆ ಆ ಹಿರಿಯಳು, "ಬಿಚ್ಚಿ ಹಿಡಿಯವ್ವಾ. ಮುಚ್ಚಿಕೊಂಡ್ರ ಹೆಂಗ ತುಂಬೂದು?" ಎಂದು ಗದರಿದಳು.

ಹೆಂಗಸರು ನಕ್ಕರು. ಮಾನಪ್ಪ ನಗಲಿಲ್ಲ. ಹುಟ್ಟಿದಂದಿನಿಂದ ಕೇಳಿದ ಮಾತು, ನೂರಾರು ಸಲ ಕಂಡ ಕಾರ್ಯ. ಆದರೂ ಆ ಹೊತ್ತು ಆ ಮಾತು ಅವನ ಕರುಳಿಗೆ ಕೈಹಾಕಿತು. ಉಳಿ, ಕೊಡತಿ, ಸಾಮಾನಿನ ಚೀಲ ಎತ್ತಿಕೊಂಡು ಮಠದ ಕಡೆ ನಡೆದ. ಬಾಗಿಲಲ್ಲಿ ನಿಂತಿದ್ದ ಅಂಬವ್ವ ಉಳಿಯನ್ನು ಕಂಡು ಹೌಹಾರಿ ಹಿಂದೆಯೇ ಹೊರಟಳು.

ಅವನು ಯಾರನ್ನೂ ಕೇಳಲಿಲ್ಲ. ಗದ್ದುಗೆಯ ಮುಂದೆ ಕೂತು, ತಾನೇ ಅಷ್ಟು ಚೆಂದ ಮಾಡಿ ಮುಚ್ಚಿದ್ದ ಬಿರುಕನ್ನು ಬಿಚ್ಚತೊಡಗಿದ. ಎಲ್ಲಿದೆಯೆಂದು ಅವನೊಬ್ಬನಿಗೇ ಗೊತ್ತು. ಮಠದಲ್ಲಿದ್ದವರು "ಹುಚ್ಚು ಹಿಡೀತೇನೋ" ಎಂದು ತಡೆಯಲು ಬಂದರು. ಅಜ್ಜನವರು ಕೈಯೆತ್ತಿ ಅವರನ್ನು ನಿಲ್ಲಿಸಿದರು. ಒಣಗಿದ ಹೊಟ್ಟು ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಒತ್ತಿ ತುರುಕಿದ್ದು ತಳದವರೆಗೂ ಇತ್ತು, ತಳದವರೆಗೂ ತೆಗೆದ. ಒಳಗಿನ ಹಸಿಹಳದಿ ಬಣ್ಣದ ಮರ ಕಂಡಿತು, ಬೇವಿನ ಕಹಿ ವಾಸನೆ ಎದ್ದಿತು. ಅವನ ಕೈ ನಿಂತಿತು.

ಅಜ್ಜನವರು ಬಂದು ಅವನ ಪಕ್ಕದಲ್ಲಿ ಕೂತರು. ಅಂಬವ್ವ ಎದುರಿಗೆ ನಿಂತಿದ್ದಳು.

"ಹೇಳು," ಎಂದರು ಅಜ್ಜನವರು.

ಮಾನಪ್ಪ ಅವರ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ಬಿರುಕಿಗೇ ಹೇಳುವಂತೆ ಹೇಳಿದ.

"ನಾ ಗ್ವಾಡಿ ಮ್ಯಾಲ ಇದ್ದೆ, ಹಗ್ಗ ಹಿಡದಿದ್ದೆ. ಅವ ಕೆಳಗಿದ್ದ. ಹಗ್ಗ ತಿಕ್ಕಿ ತಿಕ್ಕಿ ನನ್ನ ಅಂಗೈ ಹರದು ರಕ್ತ ಬಂದಿತ್ತು. ಅವ ನೋಡಿದ. 'ಅಪ್ಪಾ, ನೀ ಬಿಡು, ನಾ ಹಿಡದೀನಿ' ಅಂದ."

ಉಳಿಯನ್ನು ಕೆಳಗಿಟ್ಟ. ಅಜ್ಜನವರು ಕಾದರು.

"ನಾ ಬಿಟ್ಟೆ. ಜಾರಲಿಲ್ಲ ಅದು. ನಾನ ಬಿಟ್ಟೆ."

ಹೇಳಿ ಹಲಗೆಯ ಮೇಲೆ ಹಣೆಯಿಟ್ಟುಬಿಟ್ಟ. ಮಗನ ಹೆಣ ಎತ್ತುವಾಗಲೂ ಅಳದಿದ್ದವನು ಈಗ ಎಳೆಗೂಸಿನಂತೆ ಬಿಕ್ಕಿ ಬಿಕ್ಕಿ ಅತ್ತ. ಈಗ ಅಂಬವ್ವ ಏನು ಮಾಡುತ್ತಾಳೋ ಎಂದು ಎಲ್ಲರ ಜೀವವೂ ಬಾಯಿಗೆ ಬಂದಿತ್ತು. ಶಪಿಸಿದರೆ ಶಪಿಸಲಿ, ಹೊಡೆದರೆ ಹೊಡೆಯಲಿ ಎಂದು ಮಾನಪ್ಪನೂ ಕಾದಿದ್ದ. ಅವಳು ನಿಧಾನವಾಗಿ ಕೆಳಗೆ ಕೂತಳು. ಬಹಳ ದಿನ ಬಳಸದ ದನಿ ಒಡೆದು ಒಡೆದು ಬಂತು.

"ಭಾಳ ಭಾರ ಇತ್ತೇನ್ರಿ?"

ಮಾನಪ್ಪ ತಲೆ ಎತ್ತಿದ. "ಇತ್ತು."

"ಅವ ಎತ್ತಿದ್ನೇನ್ರಿ? ಒಬ್ಬನ?"

"ಹೂಂ. ಹೆಗಲಿಗೆ ತಗೊಂಡಿದ್ದ. ಒಬ್ಬನ ಹಿಡದು ನಿಂತಿದ್ದ. ಆಮ್ಯಾಲ ಕೆಳಗ ಬಿದ್ದಿದ್ದ ಮಾಳಿಗಿ ಮಣ್ಣಿನ ಮ್ಯಾಲ ಅವನ ಕಾಲು ಜಾರಿತು."

"ಹಿಡೀತಿದ್ದ," ಎಂದಳು ಅಂಬವ್ವ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಅದರ ನಡುವೆಯೇ ತಾಯಿಯ ಮುಖದಲ್ಲಿ ಏನೋ ಒಂದು ಹೊಳಪು. "ಸಣ್ಣಾಂವ ಇದ್ದಾಗಿಂದ ಹಂಗನ ಅಂವ. ಹೊಳಿಯಿಂದ ಬರೂವಾಗ ಕೊಡ ಕಸಗೊಳ್ಳಾಂವ, 'ಬಿಡು ಯವ್ವಾ, ನಾ ಹಿಡದೀನಿ' ಅಂತ. ನಾನೂ ಬಿಡತಿದ್ದೆ."

ಆ ಕೊನೆಯ ಮಾತು ಕೇಳಿ ಶಿವಪುತ್ರಗೌಡರು ಮುಖ ತಿರುಗಿಸಿಕೊಂಡು ರುಮಾಲಿನಿಂದ ಕಣ್ಣೊರೆಸಿಕೊಂಡರು. ಅಜ್ಜನವರ ಕಣ್ಣೂ ಹನಿಗೂಡಿತ್ತು. ದೇವರ ಚಿತ್ತ ಎನ್ನಲಿಲ್ಲ, ಕರ್ಮ ಎನ್ನಲಿಲ್ಲ. ಹಿಂದೆಯೂ ಯಾರ ಸಾವಿಗೂ ಅವರು ಹಾಗೆ ಅಂದವರಲ್ಲ. ಅವರಿಬ್ಬರೂ ಅತ್ತು ಮುಗಿಸುವವರೆಗೂ ಕೂತಿದ್ದು, ಆಮೇಲೆ ಎರಡೇ ಮಾತು ನುಡಿದರು.

"ಈಗ ತುಂಬು."

ಮಾನಪ್ಪ ಹೊಟ್ಟನ್ನು ಮುಟ್ಟಲಿಲ್ಲ. ಚೀಲದಿಂದ ಕೆಂಪು ಅರಗಿನ ಕಡ್ಡಿಗಳನ್ನು ತೆಗೆದ. ಬೇವಿನ ಹಳದಿಯಲ್ಲಿ ಅರಗಿನ ಕೆಂಪು ಎದ್ದು ಕಾಣುತ್ತದೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ತೆಗೆದ. ದಾಸೋಹದ ಒಲೆಯಿಂದ ಕೆಂಡ ತಂದು ಅಂಬವ್ವ ಊದಿದಳು. ಕಬ್ಬಿಣದ ಸಲಾಕೆ ಕಾಸಿ ಅವನು ಅರಗು ಕರಗಿಸಿದ, ಅದು ಬಿರುಕಿನೊಳಗೆ ಹನಿಹನಿಯಾಗಿ ಇಳಿಯಿತು. ಎಲ್ಲಿ ಕಡಿಮೆಯಾಯಿತೆಂದು ಅವಳು ಬೆರಳು ತೋರಿಸುವಳು, ಅವನು ಅಲ್ಲಿಗೆ ಇನ್ನೊಂದು ಹನಿ ಬಿಡುವನು. ಬೆರಳು ಸುಡುತ್ತದೆಂದು ಅವನು ಒಮ್ಮೆ ಅವಳ ಕೈ ಹಿಡಿದು ಸರಿಸಿದ. ಕೆಲಸ ಮುಗಿಯುವ ಹೊತ್ತಿಗೆ ಹಲಗೆಯ ನಡುವೆ ಅಂಕುಡೊಂಕಾದ ಕೆಂಪು ಗೆರೆಯೊಂದು ಈ ತುದಿಯಿಂದ ಆ ತುದಿಯವರೆಗೂ ನಿಂತಿತ್ತು.

ಅರಗು ಆರಿದ ಮೇಲೆ ಅಜ್ಜನವರು ಗೋಣಿತಟ್ಟನ್ನು ಮಡಚಿ ಪಕ್ಕಕ್ಕಿಟ್ಟು ಗದ್ದುಗೆಯನ್ನು ಏರಿದರು. ಮೊದಲು ಹಣೆ ಹಚ್ಚಿದವರು ಶಿವಪುತ್ರಗೌಡರು. ಆಮೇಲೆ ಊರೆಲ್ಲ ಬಂತು. ಅಂದಿನಿಂದ ಲಿಂಗೈಕ್ಯರಾಗುವವರೆಗೂ ಪೂಜ್ಯರು ಬೇರೆ ಪೀಠವನ್ನು ಒಲ್ಲೆನೆಂದರು.

ಹೊಳೆಯಜ್ಜನವರು ನೀರಿನ ಮೇಲೆ ನಡೆದರೆಂದು ಹೇಳುವವರಿದ್ದಾರೆ, ಮುಳುಗಿದ ಊರಿನ ಗಂಟೆಯನ್ನು ದಂಡೆಯಲ್ಲಿ ಕೂತು ಬಾರಿಸಿದರೆಂದು ಹೇಳುವವರೂ ಇದ್ದಾರೆ. ಇದ್ದೀತು, ದೊಡ್ಡವರ ಮಹಿಮೆಗೆ ಮಿತಿಯೆಲ್ಲಿ. ಆದರೆ ಮುತ್ತಲಹಾಳದವರು ಕಣ್ಣಾರೆ ಕಂಡ ಮಹಿಮೆ ಇದು. ಸತ್ತವನು ಎದ್ದು ಬರಲಿಲ್ಲ. ದುಃಖವೂ ಹೋಗಲಿಲ್ಲ, ಮಾನಪ್ಪ ಕೊನೆಯವರೆಗೂ ಹಗ್ಗ ಹಿಡಿಯುವ ಕೆಲಸಕ್ಕೆ ಹೋಗಲಿಲ್ಲ, ಅಂಬವ್ವ ಕೊನೆಯವರೆಗೂ ಹೊಳೆಯ ನೀರಿನ ಕಡೆ ನೋಡಿ ಕಣ್ಣೊರೆಸಿಕೊಳ್ಳುವುದನ್ನು ಬಿಡಲಿಲ್ಲ. ದುಃಖವನ್ನು ಇಬ್ಬರೂ ಕೂಡಿ ಹೊರುವಂತಾಯಿತು, ಅಷ್ಟೇ.

ಅಂದು ಸಂಜೆಗೆ ಮುಂಚೆ ಗಂಡ ಹೆಂಡಿರಿಬ್ಬರೂ ಮಠದಿಂದ ಮನೆಗೆ ನಡೆದರು. ಹಾದಿಯುದ್ದಕ್ಕೂ ಅವಳು ಕೇಳಿದಳು, ಅವನು ಹೇಳಿದ. ಕೇಳಿದ್ದನ್ನೇ ಮತ್ತೆ ಕೇಳಿದಳು, ಹೇಳಿದ್ದನ್ನೇ ಮತ್ತೆ ಹೇಳಿದ. ಮನೆಯ ಬಾಗಿಲಿಗೆ ಬಂದಾಗ ಅವಳು ಒಳಗೆ ಹೋದಳು, ಅವನು ಕಟ್ಟೆಯ ಮೇಲೆ ಕೂತ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಅವರ ಕಡೆ ಇರಲಿಲ್ಲ. ಮಗ ಹುಟ್ಟಿದಂದಿನಿಂದ ಅವನು ಅವಳನ್ನು ಒಂದೇ ರೀತಿಯಲ್ಲಿ ಕರೆದವನು. ಮಗ ಹೋದ ಮೇಲೆ ಹಾಗೆ ಕರೆಯಲು ಬಾಯಿ ಬಾರದೆ, ಬೇರೆ ಹೇಗೆ ಕರೆಯಬೇಕೆಂದೂ ತಿಳಿಯದೆ, ಇಷ್ಟು ದಿನ ಬರೀ ಕೆಮ್ಮಿ ಕರೆಯುತ್ತಿದ್ದ.

"ದೇವೇಂದ್ರನ ಅವ್ವಾ," ಎಂದು ಕರೆದ ಮಾನಪ್ಪ, "ಇಬ್ಬರಿಗೂ ತಾಟು ಹಚ್ಚು."

ಒಳಗೆ ಪಾತ್ರೆಗಳ ಸದ್ದು ಒಂದು ಗಳಿಗೆ ನಿಂತಿತು.

"ಬಂದೆ," ಎಂದಳು ಅವಳು.